ಜಪಾನಾ, ಅಮೆರಿಕಾನಾ?

ಫಾರಿನ್ನಿಗೆ ಓದೋಕೆ ಹೊರಟವರೆಲ್ಲ ಮೊದಲು ಮಾಡೋದು ಒಂದು ಎಕ್ಸೆಲ್ ಶೀಟು. ಫೀಸು, ವೀಸಾ, ರೂಮ್ ಬಾಡಿಗೆ, ಓದು ಮುಗಿದ ಮೇಲೆ ಎಷ್ಟು ವರ್ಷ ಅಲ್ಲೇ ದುಡೀಬಹುದು. ನಮ್ಮ ಟೀಮಿನಲ್ಲೇ ಇಂಥ ಮೂರು ಶೀಟು ನೋಡಿದ್ದೇನೆ. ಆದರೆ ಈ ಚಾಳಿ ನಮ್ಮ ಕಾಲದ್ದಲ್ಲ. 1898ರಲ್ಲೇ ಚೀನಾದ ದೊಡ್ಡ ಅಧಿಕಾರಿ ಝಾಂಗ್ ಝಿದೊಂಗ್ ಇಂಥದ್ದೇ ಲೆಕ್ಕವನ್ನ ಪುಸ್ತಕದಲ್ಲಿ ಬರೆದಿಟ್ಟಿದ್ದ.

ಅವನ ಪ್ರಕಾರ ಓದೋಕೆ ಯುರೋಪಿಗಿಂತ ಜಪಾನೇ ವಾಸಿ. ಹತ್ತಿರ, ಖರ್ಚು ಕಡಿಮೆ, ಹೆಚ್ಚು ಹುಡುಗರನ್ನ ಕಳಿಸಬಹುದು. ಲಿಪಿ ನಮ್ಮದರ ಹಾಗೇ ಇದೆ. ಪಶ್ಚಿಮದ ಪುಸ್ತಕಗಳ ರಾಶಿಯನ್ನ ಜಪಾನಿಗಳು ಆಗಲೇ ತೂರಿ, ಜಳ್ಳು ತೆಗೆದು ಇಟ್ಟಿದ್ದಾರೆ. ಇಷ್ಟು ಬರೆಯೋಕೂ ಎದೆಗಾರಿಕೆ ಬೇಕಿತ್ತು ನೋಡಿ, ಮೂರೇ ವರ್ಷದ ಹಿಂದೆ ಇದೇ ಜಪಾನಿನ ಕೈಲಿ ಚೀನಾ ಯುದ್ಧ ಸೋತಿತ್ತು. ಹೊಡೆದವರ ಮನೆಗೇ ಮಕ್ಕಳನ್ನ ಪಾಠಕ್ಕೆ ಕಳಿಸೋ ಮಾತು.

ಅಮೆರಿಕದ ಪ್ರಯೋಗ ಅಷ್ಟರಲ್ಲಿ ಒಮ್ಮೆ ಕೆಟ್ಟಿತ್ತು. 1872ರಿಂದ 120 ಹುಡುಗರನ್ನ ಕಳಿಸಿದ್ದರು. ಅವರು ಬೇಸ್‌ಬಾಲ್ ಆಡಿಕೊಂಡು, ಕೆಲವರು ಜಡೆ ಕತ್ತರಿಸಿಕೊಂಡು, ಚರ್ಚಿಗೂ ಹೋಗತೊಡಗಿದಾಗ ಸರ್ಕಾರ ಹೆದರಿ 1881ರಲ್ಲಿ ಎಲ್ಲರನ್ನೂ ವಾಪಸ್ ಕರೆಸಿಕೊಳ್ತು. ಮರುವರ್ಷ ಅಮೆರಿಕ ಚೀನೀ ಕೂಲಿಗಳು ಬರದ ಹಾಗೆ ಕಾಯ್ದೆಯನ್ನೇ ತಂದಿತು.

1905ರಲ್ಲಿ ಎರಡು ಸಂಗತಿ ಆದವು. ಜಪಾನು ರಷ್ಯಾವನ್ನ ಸೋಲಿಸಿತು. ಚೀನಾ ತನ್ನ ಶತಮಾನಗಳ ಹಳೆಯ ಸರ್ಕಾರಿ ನೌಕರಿ ಪರೀಕ್ಷೆಯನ್ನ ರದ್ದು ಮಾಡಿತು. ಅದನ್ನೇ ನಂಬಿ ವರ್ಷಗಟ್ಟಲೆ ಉರು ಹೊಡೆದಿದ್ದವರ ಪಾಡು ನಮ್ಮ ಕೆಪಿಎಸ್‌ಸಿ ಹುಡುಗರಿಗೆ ಅರ್ಥ ಆಗುತ್ತೆ. ಹೊಸ ಬಗೆಯ ಸರ್ಟಿಫಿಕೇಟು ಬೇಕು, ಬೇಗ ಬೇಕು. ಸಾವಿರಾರು ಜನ ಟೋಕಿಯೋ ಸೇರಿದರು. ಅವರಿಗಾಗೇ ಇದ್ದ ಕೋಬುನ್ ಶಾಲೆಯನ್ನ ನಡೆಸ್ತಿದ್ದವನು, ಜೂಡೋ ಹುಟ್ಟುಹಾಕಿದ ಕಾನೋ ಜಿಗೊರೊ! ಕೆಲವೇ ತಿಂಗಳ ಕೋರ್ಸು, ದುಭಾಷಿ ಇಟ್ಟುಕೊಂಡು ಪಾಠ. ಬೂಟ್‌ಕ್ಯಾಂಪು ಬೆಂಗಳೂರಿನವರು ಕಂಡುಹಿಡಿದದ್ದಲ್ಲ. ಅದೇ ವರ್ಷದ ಕೊನೆಗೆ ಜಪಾನ್ ಸರ್ಕಾರ ನಿಯಮ ಬಿಗಿ ಮಾಡಿತು, ಹುಡುಗರು ಕ್ಲಾಸು ಬಿಟ್ಟು ಮುಷ್ಕರ ಹೂಡಿದರು, ತುಂಬಾ ಜನ ಊರಿಗೆ ಹೊರಟರು.

ಈ ಹೊತ್ತಿಗೆ ಅಮೆರಿಕದವರೂ ಲೆಕ್ಕ ಹಾಕ್ತಿದ್ದರು. ಇಲಿನಾಯ್ ವಿಶ್ವವಿದ್ಯಾಲಯದ ಅಧ್ಯಕ್ಷ ಎಡ್ಮಂಡ್ ಜೇಮ್ಸ್ 1906ರಲ್ಲಿ ರೂಸ್‌ವೆಲ್ಟ್‌ಗೆ ಬರೆದದ್ದರ ತಾತ್ಪರ್ಯ ಇಷ್ಟು: ಇವತ್ತು ಚೀನಾದ ಹುಡುಗರಿಗೆ ಪಾಠ ಹೇಳಿದ ದೇಶಕ್ಕೆ ನಾಳೆ ಅಲ್ಲಿನ ವ್ಯಾಪಾರವೂ ಒಲಿಯುತ್ತೆ. ಬಾಕ್ಸರ್ ದಂಗೆ ಆದ ಮೇಲೆ, 1901ರಲ್ಲಿ, ಪರದೇಶಗಳು ಚೀನಾಕ್ಕೆ 45 ಕೋಟಿ ಟೇಲ್ ಬೆಳ್ಳಿ ದಂಡ ಹಾಕಿದ್ದವು. ಅಮೆರಿಕ ತನ್ನ ಪಾಲಿನಲ್ಲಿ ನಷ್ಟಕ್ಕಿಂತ ಹೆಚ್ಚಾಗಿದ್ದನ್ನ ವಾಪಸ್ ಕೊಡೋಕೆ 1908ರಲ್ಲಿ ಒಪ್ಪಿತು. ಆ ದುಡ್ಡಲ್ಲಿ ಹುಡುಗರು ಅಮೆರಿಕಕ್ಕೇ ಓದೋಕೆ ಬರೋ ಏರ್ಪಾಡಾಯ್ತು. ದುಡ್ಡು ಚೀನಾದ್ದು, ಒಳ್ಳೆ ಹೆಸರು ಅಮೆರಿಕದ್ದು. 1909ರ ಮೊದಲ ತಂಡದಲ್ಲಿ 47 ಜನ. ಹೆಚ್ಚಿನವರು ಇಂಜಿನಿಯರಿಂಗ್, ಗಣಿ, ಕೃಷಿಯಂಥದ್ದನ್ನೇ ಓದಬೇಕು ಅಂತ ನಿಯಮ.

ಮರುವರ್ಷದ ತಂಡದಲ್ಲಿ ಹೋದವನು ಹೂ ಷಿ. ಅಣ್ಣ, ರೈಲ್ವೆಯೋ ಗಣಿಯೋ ಓದು ಅಂದ. ಹುಡುಗ ಕಾರ್ನೆಲ್‌ನಲ್ಲಿ ಕೃಷಿ ಹಿಡಿದ, ಅಲ್ಲಿ ಕೃಷಿ ಕಾಲೇಜಿಗೆ ಫೀಸಿರಲಿಲ್ಲ, ಉಳಿದದ್ದನ್ನ ಮನೆಗೆ ಕಳಿಸಬಹುದಿತ್ತು. ರ‍್ಯಾಂಕಿಂಗ್ ನೋಡಿ ಕಾಲೇಜು ಆರಿಸೋರಿಗೆ ಇದು ವಿಚಿತ್ರ ಅನ್ನಿಸಬಹುದು. ಹಳ್ಳಿಯಿಂದ ಬಂದ ನಮ್ಮಂಥವರ ಶೀಟಿನಲ್ಲಿ ಮಾತ್ರ ಮೊದಲ ಕಾಲಂ ಅದೇ. ಕೊನೆಗೆ ಅವನನ್ನ ಸೋಲಿಸಿದ್ದು ಸೇಬು. ಹತ್ತಾರು ತಳಿಯ ಸೇಬುಗಳನ್ನ ನೋಡಿ ಹೆಸರು ಹೇಳಬೇಕು, ಅವುಗಳಲ್ಲಿ ಹೆಚ್ಚಿನವು ಅವನ ಊರ ಕಡೆ ಇಲ್ಲವೇ ಇಲ್ಲ. 1912ರಲ್ಲಿ ಕೃಷಿ ಬಿಟ್ಟ. ಮುಂದೆ ತತ್ತ್ವಶಾಸ್ತ್ರ ಹಿಡಿದು 1915ರಲ್ಲಿ ಜಾನ್ ಡ್ಯೂಯಿ ಹತ್ತಿರ ಓದೋಕೆ ಕೊಲಂಬಿಯಾಕ್ಕೆ ಹೋದ. ಆಡುಮಾತಿನಲ್ಲೇ ಸಾಹಿತ್ಯ ಬರೀಬೇಕು ಅಂತ ಚೀನಾವನ್ನ ಅಲ್ಲಾಡಿಸಿದ 1917ರ ಲೇಖನ ಬರೆದದ್ದೂ ಅಮೆರಿಕದಲ್ಲಿದ್ದಾಗಲೇ.

ಅದೇ ಕೊಲಂಬಿಯಾದಲ್ಲಿ, ಅದೇ ಡ್ಯೂಯಿ ಪಾಠ ಕೇಳಿದ ಇನ್ನೊಬ್ಬರು ಅಂಬೇಡ್ಕರ್. 1913ರಲ್ಲಿ ಹೋದದ್ದು ಬರೋಡಾ ಮಹಾರಾಜರ ಸ್ಕಾಲರ್‌ಶಿಪ್ಪಿನಲ್ಲಿ, ತಿಂಗಳಿಗೆ ಹನ್ನೊಂದೂವರೆ ಪೌಂಡು. ವಾಪಸ್ ಬಂದು 10 ವರ್ಷ ಸಂಸ್ಥಾನದ ಚಾಕರಿ ಮಾಡಬೇಕು ಅಂತ ಬಾಂಡು. 1917ರಲ್ಲಿ ಆ ಬಾಂಡಿನ ಪ್ರಕಾರ ಬರೋಡಾಕ್ಕೆ ಹೋದವರಿಗೆ ಇರೋಕೆ ಒಂದು ಕೋಣೆ ಸಿಗಲಿಲ್ಲ. ಪಾರ್ಸಿ ಹೆಸರು ಹೇಳಿಕೊಂಡು ಒಂದು ಛತ್ರದಲ್ಲಿ ಉಳಿದರು. ಹನ್ನೊಂದನೇ ದಿನ ಕೋಲು ಹಿಡಿದ ಗುಂಪೊಂದು ಬಂದು ಅಲ್ಲಿಂದಲೂ ಎಬ್ಬಿಸಿ ಕಳಿಸಿತು.