ಬಾರು ತುಂಬುವ ವಿದ್ಯೆ

ವಿಜಾಪುರದ ಕೋಟೆಗೆ ದಕ್ಷಿಣ ದಿಕ್ಕಿನಲ್ಲಿ ಮನಗೂಳಿ ಅಗಸಿಯೆಂಬ ಬಾಗಿಲುಂಟು. ನಮ್ಮೂರ ಹೆಸರನ್ನು ಹೊತ್ತ ಈ ಅಗಸಿಗೆ ಅನತಿದೂರದಲ್ಲಿರುವ ಲಂಡಾ ಕಸಾಬ ಬುರುಜಿನ ಮೋರೆಯ ಮೇಲೆ, 1686ರ ಮುತ್ತಿಗೆಯಲ್ಲಿ ಔರಂಗಜೇಬನ ತೋಪುಗಳು ಬಡಿದ ಕಲೆಗಳು ಇಂದಿಗೂ ಕಾಣುತ್ತವೆ. ಕೋಟೆಯನ್ನು ನೋಡಬಂದವರು 1549ರಲ್ಲಿ ಅಹಮದನಗರದಲ್ಲಿ ಎರಕಹೊಯ್ದ ಮಲಿಕ್-ಎ-ಮೈದಾನ ತೋಪಿನ ಐವತ್ತೈದು ಟನ್ನಿನ ಭಾರವನ್ನು ಕೇಳಿ ಬೆರಗಾಗುವರು. ಆದರೆ ಅದರ ಹೊಟ್ಟೆಯೊಳಗೆ ಏನನ್ನು, ಎಷ್ಟು, ಯಾವ ಕ್ರಮದಿಂದ ತುಂಬುತ್ತಿದ್ದರೆಂದು ಕೇಳುವವರು ವಿರಳ. ತೋಪಾಗಲಿ ಬಂದೂಕಾಗಲಿ, ಬಾರು ಇಲ್ಲದಿದ್ದರೆ ಬರಿಯ ಲೋಹದ ಕೊಳವೆಯಷ್ಟೆ. ಈ ಮಾತನ್ನು ನಮ್ಮ ಇತಿಹಾಸಕಾರರಿಗಿಂತ ಮೊದಲು ಕಾಯಿದೆ ಬರೆದವರು ಅರಿತುಕೊಂಡಿದ್ದರು.

ಪಾಠಶಾಲೆಯಲ್ಲಿ ಕಲಿತವರಿಗೆ ಇಲ್ಲಿ ಶುಕ್ರನೀತಿಯ ನೆನಪಾಗದೆ ಇರದು. ಅದರಲ್ಲಿ ಲಘುನಾಲಿಕ, ಬೃಹನ್ನಾಲಿಕಗಳ ವರ್ಣನೆಯೂ ಅಗ್ನಿಚೂರ್ಣದ ಪ್ರಸ್ತಾಪವೂ ಉಂಟು. ಎಕ್ಕ, ಕಳ್ಳಿಗಳ ಇದ್ದಿಲೂ ಅದರಲ್ಲಿ ಬರುವುದು. ಇವೆರಡೂ ನಮ್ಮ ಸೀಮೆಯ ಬೀಳುಭೂಮಿಯಲ್ಲಿ ಯಾರೂ ನೆಡದೆ ಬೆಳೆಯುವ ಗಿಡಗಳು. ಇದನ್ನೇ ಆಧಾರವಾಗಿ ಹಿಡಿದು 1880ರಲ್ಲಿ ಗುಸ್ತಾವ ಒಪ್ಪರ್ಟನು ಪ್ರಾಚೀನ ಭಾರತದಲ್ಲಿ ಬಂದೂಕುಗಳಿದ್ದುವೆಂದು ವಾದಿಸಿದನು. ಕೇಳಲು ಹಿತವಾದ ವಾದವೇನೋ ಸರಿ. ಆದರೆ ಆ ಗ್ರಂಥವು ಈಗಿನ ರೂಪದಲ್ಲಿ ಬಹಳ ಈಚಿನದೆಂದು ವಿದ್ವಾಂಸರು ತೋರಿಸಿರುವುದರಿಂದ, ನಮ್ಮ ಅಭಿಮಾನವನ್ನು ಪ್ರಮಾಣವೆಂದು ಮುಂದಿಡಲಾಗದು.

ಬಾರಿನ ಮಹಿಮೆಗೆ ಗಟ್ಟಿಯಾದ ಉದಾಹರಣೆ ಬೇಕಾದರೆ 1565ರ ರಕ್ಕಸಗಿ-ತಂಗಡಗಿಯ ಕಾಳಗವನ್ನು ನೋಡಬಹುದು. ನಿಜಾಮಶಾಹಿಯ ತೋಪುಗಳ ಅಧಿಕಾರಿಯಾದ ರೂಮೀಖಾನನು ಗುಂಡಿಗೆ ಬದಲಾಗಿ ತಾಮ್ರದ ದುಡ್ಡಿನ ಚೀಲಗಳನ್ನು ತುಂಬಿಸಿ ಹಾರಿಸಿದನೆಂದು ಫಿರಿಸ್ತಾ ಹೇಳುತ್ತಾನೆ. ತೋಪು ಅದೇ, ಬಾರು ಬದಲಾದೊಡನೆ ಅದರ ಕೊಲ್ಲುವ ಬಗೆಯೂ ಬದಲಾಯಿತು.

ಇದು ಅರಸರ ಮಾತಾಯಿತು. ಮನೆಯ ಬಂದೂಕಿನ ಕಥೆ ಬೇರೆ. ಬೇಟೆಯೂ ಊರುಗಾವಲೂ ಕುಲದ ಉದ್ಯೋಗವಾಗಿದ್ದ ಬೇಡರ ಮನೆಗಳಲ್ಲಿ ಈ ವಿದ್ಯೆಯನ್ನು ಹುಡುಗರು ಹಿರಿಯರ ಕೈ ನೋಡಿಯೇ ಕಲಿಯಬೇಕಾಗಿತ್ತು. ಸೀಸವನ್ನು ಕರಗಿಸಿ ಅಚ್ಚಿಗೆ ಹೊಯ್ದು ಗುಂಡು ಮಾಡುವುದು, ಮದ್ದನ್ನು ಕೊಂಬಿನಲ್ಲಿ ತೇವ ತಾಗದಂತೆ ಕಾಪಾಡುವುದು, ಇವು ಮೊದಲ ಪಾಠಗಳು. ಬಳಿಕ ಅಳತೆಯ ಮದ್ದನ್ನು ನಳಿಗೆಯ ಬಾಯಿಂದ ಸುರಿದು, ಅರಿವೆಯ ಚೂರನ್ನಿಟ್ಟು, ಗಜವೆಂಬ ಕೋಲಿನಿಂದ ತುಳಿದು, ಗುಂಡನ್ನಿಳಿಸಿ, ಅದು ಜಾರದಂತೆ ಮತ್ತೆ ಅರಿವೆಯಿಟ್ಟು ಒತ್ತಬೇಕು. ಕಡೆಗೆ ಕಿವಿಯಲ್ಲಿ ರಂಜಕವನ್ನು ಹಾಕಬೇಕು. ಮದ್ದು ಕಡಿಮೆಯಾದರೆ ಗುಂಡು ಮೃಗದವರೆಗೆ ಮುಟ್ಟದು. ಹೆಚ್ಚಾದರೆ ನಳಿಗೆಯೇ ಸೀಳಿ ಹಾರಿಸಿದವನ ಕಣ್ಣಿಗೆ ಕೇಡು. ಮಳೆಗಾಲದಲ್ಲಿ ರಂಜಕ ನೆನೆದರೆ ಎಲ್ಲ ಶ್ರಮವೂ ವ್ಯರ್ಥ. ಹೀಗಿರುವಾಗ ಬಂದೂಕು ಇದ್ದವನೆಲ್ಲ ಬಂದೂಕುಗಾರನಾಗುತ್ತಿರಲಿಲ್ಲ. ಕೈಯಳತೆ ಬಲ್ಲವನೇ ಬಂದೂಕುಗಾರ.

1857ರಲ್ಲಿ ಉತ್ತರ ಹಿಂದುಸ್ತಾನದ ಸಿಪಾಯಿಗಳು ಸಿಡಿದೆದ್ದುದಕ್ಕೆ ಒಂದು ಕಾರಣ ಕಾಡತೂಸು ಎಂಬುದು ವಾಚಕರಿಗೆ ತಿಳಿದ ವಿಷಯವೇ. ಮದ್ದನ್ನೂ ಗುಂಡನ್ನೂ ಕಾಗದದಲ್ಲಿ ಸುತ್ತಿ, ಕೊಬ್ಬು ಸವರಿ, ಸರಕಾರವೇ ಸಿದ್ಧಮಾಡಿ ಕೊಟ್ಟ ಬಾರು ಅದು. ಅದನ್ನು ಹಲ್ಲಿನಿಂದ ಕಚ್ಚಿ ಹರಿಯಬೇಕಾಗಿತ್ತು. ಪರರು ಕಟ್ಟಿಕೊಟ್ಟ ಬಾರನ್ನು ಅಲ್ಲಿಯವರು ಒಲ್ಲೆನೆಂದರು. ನಮ್ಮ ಕಡೆಯಲ್ಲಿ ನಡೆದುದು ಇದಕ್ಕೆ ತಿರುವುಮುರುವು. ಆ ವರ್ಷದ ಸೆಪ್ಟೆಂಬರದಲ್ಲಿ ಹೊರಟ ಇಪ್ಪತ್ತೆಂಟನೆಯ ಕಾಯಿದೆಯು ಆಯುಧಗಳನ್ನಷ್ಟೇ ಅಲ್ಲ, ಮದ್ದುಗುಂಡುಗಳ ತಯಾರಿಕೆಯನ್ನೂ ಮಾರಾಟವನ್ನೂ ಹಿಡಿತಕ್ಕೆ ತೆಗೆದುಕೊಂಡಿತು. ಅಂದರೆ ಕೊಳವೆಯ ಜೊತೆಗೆ ಕೈಯ ವಿದ್ಯೆಯೂ ಅಪ್ಪಣೆಗೆ ಒಳಪಟ್ಟಿತು.

ಮುಧೋಳ ಸಂಸ್ಥಾನಕ್ಕೆ ಸೇರಿದ್ದ ಹಲಗಲಿಯ ಬೇಡರು ಆಯುಧಗಳನ್ನು ಒಪ್ಪಿಸಲು ಒಪ್ಪಲಿಲ್ಲ. ನವೆಂಬರದ ಕಡೆಯಲ್ಲಿ ಸೈನ್ಯ ಬಂದು ಊರಿಗೆ ಬೆಂಕಿಯಿಟ್ಟಿತು. ಸೆರೆಸಿಕ್ಕವರಲ್ಲಿ 19 ಜನರನ್ನು ಗಲ್ಲಿಗೇರಿಸಿದರು: ಡಿಸೆಂಬರ 11ರಂದು ಮುಧೋಳದಲ್ಲಿ 13 ಜನ, 14ರಂದು ಹಲಗಲಿಯಲ್ಲಿಯೇ ಉಳಿದ ಆರು ಜನ. ಬಾಯಿಂದ ಬಾರು ತುಂಬುವ ಬಂದೂಕಿಗೆ ಒಂದು ಸಲ ಹಾರಿಸಿದ ಮೇಲೆ ಇನ್ನೊಮ್ಮೆ ಸಿದ್ಧವಾಗಲು ಎಷ್ಟು ಹೊತ್ತು ಹಿಡಿಯುವುದೆಂಬುದನ್ನು ಮೇಲೆ ಹೇಳಿದ ಕ್ರಮದಿಂದಲೇ ಊಹಿಸಬಹುದು. ಉರಿಯುವ ಮನೆಯೊಳಗೆ ಅಷ್ಟು ಹೊತ್ತು ಎಲ್ಲಿಯದು?

1878ರ ಕಾಯಿದೆ ಇನ್ನೂ ಮುಂದೆ ಹೋಗಿ, ಬೇಕೆನಿಸಿದಲ್ಲಿ ಸೀಸ, ಗಂಧಕ, ಪೆಟ್ಲುಪ್ಪುಗಳನ್ನು ಸಹ ತನ್ನ ಕಕ್ಷೆಗೆ ತರುವ ಅಧಿಕಾರವನ್ನು ಸರಕಾರಕ್ಕೆ ಕೊಟ್ಟಿತು. ಅಷ್ಟರಲ್ಲಿ ಹಿಂದಿನಿಂದ ತುಂಬುವ ಬಂದೂಕುಗಳೂ ಹಿತ್ತಾಳೆಯ ಕಾಡತೂಸುಗಳೂ ಬಂದಿದ್ದುವು. ಇವುಗಳಲ್ಲೊಂದು ವಿಶೇಷವುಂಟು: ಹಾರಿಸಿದ ಮೇಲೆ ಉಳಿಯುವ ಹಿತ್ತಾಳೆಯ ಚಿಪ್ಪಿನಿಂದ ಹಳೆಯ ಕೇಪನ್ನು ತೆಗೆದು, ಹೊಸದನ್ನು ಕೂರಿಸಿ, ತೂಗಿದ ಮದ್ದನ್ನೂ ಹೊಸ ಗುಂಡನ್ನೂ ತುಂಬಿ ಮತ್ತೆ ಬಳಸಬಹುದು. ಅಮೇರಿಕೆಯಲ್ಲಿ ಗುರಿಕಾರರು ಇದನ್ನು ವಿರಾಮಕಾಲದ ಹವ್ಯಾಸವಾಗಿ ಬೆಳೆಸಿದ್ದಾರೆ. ಖರ್ಚು ತಗ್ಗುವುದು, ಗುರಿ ಸೂಕ್ಷ್ಮವಾಗುವುದು ಎಂಬುದು ಅವರ ಸಮಾಧಾನ. ಹೊಸಬನಿಗೆ ಅವರು ಹೇಳುವ ಮೊದಲ ಬುದ್ಧಿವಾದ ಮದ್ದಿನ ತೂಕ ತಪ್ಪಬಾರದೆಂಬುದೇ. ಬೇಡರ ಮುದುಕನೂ ಇದಕ್ಕಿಂತ ಬೇರೆಯೇನನ್ನು ಹೇಳಿಯಾನು?

ನಮ್ಮಲ್ಲಿ 1959ರ ಆಯುಧ ಕಾಯಿದೆಯ ಐದನೆಯ ಕಲಮಿನಂತೆ ಲೈಸನ್ಸಿಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. ಕೊಡವರಿಗೂ ಜಮ್ಮಾ ಭೂಮಿಯವರಿಗೂ 1861ರಿಂದ ನಡೆದುಬಂದಿರುವ ವಿನಾಯಿತಿ, 2019ರಲ್ಲಿ ಮತ್ತೆ ಹತ್ತು ವರ್ಷಕ್ಕೆ ಮುಂದುವರಿದುದು, ಕೋವಿಯನ್ನು ಇಟ್ಟುಕೊಳ್ಳುವುದಕ್ಕೆ ಸಂಬಂಧಿಸಿದ್ದು. ಕಾಯಿದೆ ಬೇಡವೆಂದು ನಾನು ಹೇಳುತ್ತಿಲ್ಲ. ಪ್ರಜೆಗಳೇ ಆರಿಸಿದ ಸಭೆ ಮಾಡಿದ ಕಾಯಿದೆಗೂ ಹಲಗಲಿಗೆ ಹೊರಗಿನಿಂದ ಬಂದ ಕಾಯಿದೆಗೂ ಅಂತರವುಂಟು.

ಹಲಗಲಿಯ ಬೇಡರ ಲಾವಣಿಯನ್ನು ಸಂಗ್ರಹಿಸಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚುಹಾಕಿಸಿದವನು ಜೆ. ಎಫ್. ಫ್ಲೀಟ್. ಆ ಬೇಡರನ್ನು ಗಲ್ಲಿಗೇರಿಸಿದ ಆಳಿಕೆಯ ನೌಕರನೇ ಅವನು. ನಮ್ಮ ಮನಗೂಳಿಯ 1161ರ ಶಾಸನವನ್ನು ಓದಿ ಪ್ರಕಟಿಸಿದವನೂ ಅವನೇ.