ಸರ್ಕಾರಿ ಅಭಿಯೋಜಕರ ಸ್ವಾತಂತ್ರ್ಯ

ಕೊಲೆಯೊಂದು ನಡೆದರೆ ಅದು ಒಂದು ಕುಟುಂಬದ ನಷ್ಟ ಮಾತ್ರವಲ್ಲ, ಸಮಾಜದ ವಿರುದ್ಧವೇ ಎಸಗಿದ ಅಪರಾಧವೆಂದು ನಮ್ಮ ದಂಡನ್ಯಾಯವು ಭಾವಿಸುತ್ತದೆ. ಆದುದರಿಂದಲೇ ಸೆಷನ್ಸ್ ನ್ಯಾಯಾಲಯದಲ್ಲಿ ಮೊಕದ್ದಮೆಯನ್ನು ನಡೆಸತಕ್ಕವರು ಸರ್ಕಾರಿ ಅಭಿಯೋಜಕರು. ಅವರು ಯಾರಿಗೆ ಹೊಣೆಗಾರರೆಂಬುದೇ ನಾವು ಇಲ್ಲಿ ವಿವೇಚಿಸಹೊರಟ ವಿಷಯ.

1898ರ ದಂಡ ಪ್ರಕ್ರಿಯಾ ಸಂಹಿತೆಯ ಕಾಲದಲ್ಲಿ ಮ್ಯಾಜಿಸ್ಟ್ರೇಟರ ನ್ಯಾಯಾಲಯಗಳಲ್ಲಿ ಅನೇಕ ವೇಳೆ ಪೊಲೀಸ್ ಅಧಿಕಾರಿಗಳೇ ಮೊಕದ್ದಮೆ ನಡೆಸುತ್ತಿದ್ದರು. ತನಿಖೆ ಮಾಡಿದ ಇಲಾಖೆಯೇ ವಾದವನ್ನೂ ಹೂಡಿದರೆ ನಿಷ್ಪಕ್ಷಪಾತವನ್ನು ನಿರೀಕ್ಷಿಸುವುದು ಕಷ್ಟ. ಇವೆರಡನ್ನೂ ಬೇರ್ಪಡಿಸಬೇಕೆಂದು ಕಾನೂನು ಆಯೋಗವು 1958ರ ತನ್ನ 14ನೆಯ ವರದಿಯಲ್ಲಿ ಸೂಚಿಸಿತು. ಸಹಾಯಕ ಅಭಿಯೋಜಕರ ಹುದ್ದೆಗೆ ಪೊಲೀಸರು ಅರ್ಹರಲ್ಲವೆಂದು 1973ರ ಸಂಹಿತೆಯು ಸಾಮಾನ್ಯ ನಿಯಮವನ್ನು ವಿಧಿಸಿತು.

ಪೊಲೀಸರಿಂದ ದೊರೆತ ಈ ಬಿಡುಗಡೆಯು ಸರ್ಕಾರದ ಒತ್ತಡದಿಂದಲೂ ದೊರೆಯಿತೆ? 2000ನೆಯ ಇಸವಿಯ ಜುಲೈ 30ರಂದು ವೀರಪ್ಪನ್ ನಟ ರಾಜಕುಮಾರರನ್ನು ಅಪಹರಿಸಿದನು. ಅವನ ಬೇಡಿಕೆಗೆ ಸರ್ಕಾರವು ಒಪ್ಪಿದ ಮೇಲೆ, ಅವನ ಸಹಚರರೆನಿಸಿದವರ ಮೇಲಿನ ಟಾಡಾ ಆರೋಪಗಳನ್ನು ಹಿಂತೆಗೆಯಲು ಅಭಿಯೋಜಕರು ಮೈಸೂರಿನ ವಿಶೇಷ ನ್ಯಾಯಾಲಯದಲ್ಲಿ ಅರ್ಜಿ ಸಲ್ಲಿಸಿದರು, ಸಮ್ಮತಿಯೂ ದೊರೆಯಿತು. ಆಗ, ಹತನಾಗಿದ್ದ ಪೊಲೀಸ್ ಅಧಿಕಾರಿಯೊಬ್ಬನ ತಂದೆ ಸರ್ವೋಚ್ಚ ನ್ಯಾಯಾಲಯದ ಮೊರೆಹೊಕ್ಕರು. ನವೆಂಬರ್ 7ರಂದು ಆ ನ್ಯಾಯಾಲಯವು ಸಮ್ಮತಿಯನ್ನು ರದ್ದುಗೊಳಿಸಿತು. ಅಭಿಯೋಜಕನು ಸರ್ಕಾರದ ಆಜ್ಞೆಯನ್ನು ತಲುಪಿಸುವ ದೂತನಲ್ಲ; ಸಾಕ್ಷ್ಯವೆಲ್ಲವನ್ನೂ ತಾನೇ ಪರಿಶೀಲಿಸಿ ಸಾರ್ವಜನಿಕ ಹಿತವನ್ನು ನಿರ್ಣಯಿಸತಕ್ಕವನು ಎಂಬುದೇ ಆ ತೀರ್ಪಿನ ಸಾರವೆಂದು ನಾವು ತಿಳಿಯುತ್ತೇವೆ.

2024ರ ಜುಲೈ 1ರಂದು ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಇನ್ನೊಂದು ಹೆಜ್ಜೆಯಿಟ್ಟಿದೆ: ಸಂತ್ರಸ್ತರ ಮಾತನ್ನು ಕೇಳದೆ ಮೊಕದ್ದಮೆಯನ್ನು ಹಿಂತೆಗೆಯಲು ನ್ಯಾಯಾಲಯವು ಅನುಮತಿಸುವಂತಿಲ್ಲ. ಅಂದು ಒಬ್ಬ ತಂದೆ ದೆಹಲಿಯವರೆಗೆ ಹೋಗಿ ಪಡೆಯಬೇಕಾಗಿದ್ದುದು ಇಂದು ಜಿಲ್ಲಾ ನ್ಯಾಯಾಲಯದಲ್ಲಿಯೇ ದೊರೆಯತಕ್ಕ ಹಕ್ಕಾಗಿದೆ.