ಸೈನಿಕರು ಮಲಗಿದ್ದ ಹಡಗಿನಲ್ಲಿ ಶಾಲೆಯ ಮಕ್ಕಳು

ಈಗೀಗ ಆಫೀಸಿನಲ್ಲಿ ಯಾರಾದರೂ ಒಂದು ವಾರ ರಜೆ ಹಾಕಿದರೆ "ಊರಿಗಾ?" ಅಂತ ಕೇಳೋ ಹಾಗೇ ಇಲ್ಲ. ಸಿಂಗಪುರದಿಂದ ಕ್ರೂಸು, ಇಲ್ಲಾಂದ್ರೆ ಮುಂಬಯಿಂದ ಕ್ರೂಸು. ಜೊತೆಗೆ ಇಬ್ಬರು ಮಕ್ಕಳು, ಹಡಗಿನ ಮೇಲೇ ಜಾರುಬಂಡೆ, ಈಜುಕೊಳ, ಹೊತ್ತು ಗೊತ್ತಿಲ್ಲದ ಊಟ. ನನಗಿನ್ನೂ ಮದುವೆಯೂ ಆಗಿಲ್ಲ, ಹಡಗೂ ಹತ್ತಿಲ್ಲ :) ಆದರೆ ಹಳೇ ಹಡಗುಗಳ ಕಥೆ ಓದೋ ಹುಚ್ಚು ಮಾತ್ರ ಎಂಜಿನಿಯರಿಂಗ್ ಓದುವಾಗಿನಿಂದಲೂ ಇದೆ. ಹಾಗೆ ಓದುತ್ತಾ ಹೋದಾಗ ಸಿಕ್ಕಿದ್ದು ಮಕ್ಕಳ ಕ್ರೂಸಿನ ಈ ವಿಚಿತ್ರ ಇತಿಹಾಸ. ಅದು ಶುರುವಾಗಿದ್ದು ಐಷಾರಾಮದಿಂದಲ್ಲ, ಸೈನಿಕರನ್ನು ಹೊತ್ತು ತಿರುಗುತ್ತಿದ್ದ ಹಡಗುಗಳಿಂದ.

ದೊಡ್ಡವರ ಕ್ರೂಸು ಹಳೆಯದೇ. 1844ರಲ್ಲೇ ಪಿ ಅಂಡ್ ಓ ಕಂಪನಿ ಮೆಡಿಟರೇನಿಯನ್ ಸುತ್ತಿಸಲು ಕಾದಂಬರಿಕಾರ ಥ್ಯಾಕರೆಯನ್ನು ಪುಕ್ಕಟೆ ಕರೆದೊಯ್ದು ಪುಸ್ತಕ ಬರೆಸಿತ್ತು (ಈಗಿನವರು ಇನ್‌ಫ್ಲುಯೆನ್ಸರ್‌ಗಳಿಗೆ ಮಾಡೋದನ್ನೇ!). 1891ರಲ್ಲಿ ಜರ್ಮನಿಯ ಆಲ್ಬರ್ಟ್ ಬಲೀನ್, ಚಳಿಗಾಲದಲ್ಲಿ ಅಟ್ಲಾಂಟಿಕ್ ದಾಟುವ ಗಿರಾಕಿಗಳು ಕಡಿಮೆ ಅಂತ ತನ್ನ ದೊಡ್ಡ ಹಡಗೊಂದನ್ನು ವಿಹಾರಕ್ಕೆ ಕಳಿಸಿದ. ಇವೆಲ್ಲ ಉಳ್ಳವರ ಆಟ. ಮಕ್ಕಳು ಇದ್ದರೂ ಆಯಾ ಜೊತೆ ಒಂದು ಮೂಲೆಯಲ್ಲಿ.

ಮಕ್ಕಳಿಗಾಗಿಯೇ ಕ್ರೂಸು ಅನ್ನೋದನ್ನು ದೊಡ್ಡ ಪ್ರಮಾಣದಲ್ಲಿ ನಡೆಸಿದ್ದು ಬ್ರಿಟಿಷ್ ಇಂಡಿಯಾ ಸ್ಟೀಮ್ ನ್ಯಾವಿಗೇಶನ್ ಕಂಪನಿ. ಹೆಸರು ನೋಡಿದರೇ ಗೊತ್ತಾಗುತ್ತೆ ನಮಗೆ ಸಂಬಂಧಪಟ್ಟದ್ದು ಅಂತ. 1856ರಲ್ಲಿ ಕಲ್ಕತ್ತಾ-ರಂಗೂನ್ ನಡುವೆ ಟಪಾಲು ಒಯ್ಯಲು ಹುಟ್ಟಿದ ಕಂಪನಿ. ನಮ್ಮ ಮಂಗಳೂರಿಗೂ ಇದರ ಸ್ಟೀಮರುಗಳು ಬರುತ್ತಿದ್ದವು. ಹಳೇ ಬಂದರಿನಲ್ಲಿ ಆಳ ಸಾಲದೆ ದೂರ ಸಮುದ್ರದಲ್ಲೇ ಲಂಗರು ಹಾಕಿ ನಿಂತರೆ, ಜನ ದೋಣಿಯಲ್ಲಿ ಹೋಗಿ ಹತ್ತಬೇಕಿತ್ತು. ಕಂಪನಿಯ ಇನ್ನೊಂದು ದೊಡ್ಡ ವರಮಾನ ಅಂದರೆ ಇಂಗ್ಲೆಂಡಿನಿಂದ ಭಾರತಕ್ಕೆ ಸೈನಿಕರನ್ನು ಸಾಗಿಸೋದು. ನಮ್ಮ ಬೇಸಿಗೆಯಲ್ಲಿ ಬಿಳಿ ಸಿಪಾಯಿಗಳನ್ನು ತಂದು ಇಳಿಸಿದರೆ ಕಾಯಿಲೆ ಬೀಳುತ್ತಾರೆ ಅಂತ ಆ ಸಾಗಾಟ ನಡೆಯುತ್ತಿದ್ದದ್ದು ಹೆಚ್ಚಾಗಿ ತಂಪು ಹವೆಯ ತಿಂಗಳುಗಳಲ್ಲಿ. ಉಳಿದ ತಿಂಗಳು ಹಡಗು ಖಾಲಿ. ನಮ್ಮ ಭಾಷೆಯಲ್ಲಿ ಹೇಳೋದಾದ್ರೆ ಸರ್ವರ್ ಸುಮ್ಮನೆ ಉರೀತಾ ಇದೆ, ಬಾಡಿಗೆಗೆ ಬಿಡೋಣ ಅನ್ನೋ ಯೋಚನೆ. 1930ರ ದಶಕದಲ್ಲಿ ನೆವಾಸ, ನ್ಯೂರಾಲಿಯಾ ಎಂಬ ಎರಡು ಸೇನಾ ಹಡಗುಗಳಲ್ಲಿ ಬೇಸಿಗೆ ರಜೆಯಲ್ಲಿ ಶಾಲಾ ಮಕ್ಕಳನ್ನು ತುಂಬಿಕೊಂಡು ನಾರ್ವೆ, ಬಾಲ್ಟಿಕ್ ಕಡೆ ತಿರುಗಿಸಿದರು. ನೆವಾಸೆ ಅಂದರೆ ಜ್ಞಾನೇಶ್ವರರು ಜ್ಞಾನೇಶ್ವರಿ ಹೇಳಿದ ಊರಿನ ಹೆಸರು ಕಣ್ರೀ! ಆ ಹೆಸರು ಹೊತ್ತ ಹಡಗಲ್ಲಿ ಸ್ಕಾಟ್‌ಲೆಂಡಿನ ಹುಡುಗರು ನಾರ್ವೆ ನೋಡಲು ಹೊರಟಿದ್ದನ್ನು ನೆನೆಸಿಕೊಂಡರೆ ನನಗೆ ಯಾಕೋ ಖುಷಿಯಾಗುತ್ತೆ.

ಯುದ್ಧ ಬಂತು, ಎಲ್ಲ ನಿಂತಿತು. 1947ಕ್ಕೆ ಭಾರತವೂ ಕೈಬಿಟ್ಟಿತು. 1960ರ ಸುಮಾರಿಗೆ ಬ್ರಿಟನ್ನಿನಲ್ಲಿ ಕಡ್ಡಾಯ ಸೈನಿಕ ಸೇವೆ ಮುಗಿಯುತ್ತಾ ಬಂತು, ಉಳಿದ ಸೈನಿಕರನ್ನು ವಿಮಾನದಲ್ಲಿ ಕಳಿಸತೊಡಗಿದರು. ಸೇನಾ ಹಡಗುಗಳನ್ನು ಈಗ ವರ್ಷಪೂರ್ತಿ ಕೇಳುವವರಿಲ್ಲ. ಕಂಪನಿ ಹಳೇ ಯೋಚನೆಯನ್ನೇ ಧೂಳು ಕೊಡವಿ ಹೊರತೆಗೆಯಿತು. 1961ರಲ್ಲಿ ಡುನೇರಾ, ಮರುವರ್ಷ ಡೆವೋನಿಯಾ, 1965ರಲ್ಲಿ ಹೊಸ ನೆವಾಸ, 1968ರಲ್ಲಿ ಉಗಾಂಡಾ.

ಡುನೇರಾ ಬಗ್ಗೆ ಸ್ವಲ್ಪ ಹೇಳಲೇಬೇಕು. 1940ರ ಜುಲೈನಲ್ಲಿ ಬ್ರಿಟನ್ ಸರಕಾರ "ಶತ್ರು ದೇಶದವರು" ಅಂತ ಹಿಡಿದಿಟ್ಟಿದ್ದ ಸುಮಾರು 2,500 ಜನರನ್ನು ಇದೇ ಹಡಗಿನಲ್ಲಿ ಲಿವರ್‌ಪೂಲಿನಿಂದ ಆಸ್ಟ್ರೇಲಿಯಾಕ್ಕೆ ಅಟ್ಟಿತು. ಅವರಲ್ಲಿ ಬಹುಪಾಲು ಹಿಟ್ಲರನಿಂದಲೇ ತಪ್ಪಿಸಿಕೊಂಡು ಬಂದಿದ್ದ ಯಹೂದಿಗಳು. ಹದಿಹರೆಯದ ಹುಡುಗರೂ ಇದ್ದರು. ಹಿಡಿಸಬೇಕಾದ್ದಕ್ಕಿಂತ ಎಷ್ಟೋ ಹೆಚ್ಚು ಜನ, ಎಂಟು ವಾರ, ಕಾವಲುಗಾರರೇ ಅವರ ಸಾಮಾನು ದೋಚಿದರು, ಕೆಲವನ್ನು ಸಮುದ್ರಕ್ಕೆ ಎಸೆದರು. ಆಮೇಲೆ ಕೋರ್ಟ್ ಮಾರ್ಷಲ್ ಆಯಿತು. ಇಪ್ಪತ್ತೊಂದು ವರ್ಷದ ನಂತರ ಅದೇ ಹಡಗಿನಲ್ಲಿ ಮಕ್ಕಳು ಮೆಡಿಟರೇನಿಯನ್ ನೋಡಲು ಹೊರಟರು. ಬಣ್ಣ ಹೊಸದು, ಹೊಟ್ಟೆ ಹಳೆಯದೇ.

ಈ ಹಡಗುಗಳೊಳಗಿನ ದಿನಚರಿ ಓದಿದರೆ ಈಗಿನ ಕ್ರೂಸಿಗೂ ಅದಕ್ಕೂ ಹೋಲಿಕೆಯೇ ಇಲ್ಲ. ಮಕ್ಕಳಿಗೆ ಒಂದರ ಮೇಲೊಂದು ಮಂಚಗಳ ದೊಡ್ಡ ದೊಡ್ಡ ಮಲಗುವ ಕೋಣೆಗಳು, ನಮ್ಮ ಹಾಸ್ಟೆಲ್ಲಿನ ಹಾಗೆ. ಬೆಳಿಗ್ಗೆ ಅಸೆಂಬ್ಲಿ, ಕ್ಲಾಸ್‌ರೂಮು, ನಾಳೆ ಯಾವ ಬಂದರು ಬರುತ್ತೋ ಅದರ ಬಗ್ಗೆ ಇವತ್ತೇ ಪಾಠ, ನೋಡಿ ಬಂದ ಮೇಲೆ ನೋಟ್‌ಬುಕ್ಕಿನಲ್ಲಿ ಬರೆಯೋದು. ಉಗಾಂಡಾದಲ್ಲಿ 900ಕ್ಕೂ ಹೆಚ್ಚು ಮಕ್ಕಳು, ಮೇಲಿನ ಕ್ಯಾಬಿನ್‌ಗಳಲ್ಲಿ ಪೂರಾ ದುಡ್ಡು ಕೊಟ್ಟ ಸುಮಾರು 300 ದೊಡ್ಡವರು. ಬಡಿಸೋರು ಗೋವಾದವರು, ಡೆಕ್ಕಿನ ಖಲಾಸಿಗಳೂ ನಮ್ಮ ಕಡೆಯವರೇ. ಎಷ್ಟೋ ಬ್ರಿಟಿಷ್ ಮಕ್ಕಳು ಮೊದಲ ಬಾರಿಗೆ ಭಾರತೀಯರನ್ನು ಹತ್ತಿರದಿಂದ ಕಂಡದ್ದು ಅಲ್ಲೇ ಇರಬೇಕು ಅಂತ ನನ್ನ ಊಹೆ. ಕೆಲವು ಕಡೆ ಜಿಲ್ಲೆಯ ಶಿಕ್ಷಣ ಇಲಾಖೆಯೇ ಇಡೀ ಹಡಗನ್ನು ಗೊತ್ತುಮಾಡುತ್ತಿತ್ತು. ಹಾಗಂತ ಎಲ್ಲ ಮಕ್ಕಳಿಗೂ ಎಟುಕುತ್ತಿತ್ತು ಅಂದುಕೊಳ್ಳಬೇಡಿ. ಕ್ಲಾಸಿನಲ್ಲಿ ಹೋದವರು ಹೋದರು, ಮಿಕ್ಕವರು ಅವರು ತಂದ ಫೋಟೋ ನೋಡಿದರು. ಅದು ಎಲ್ಲಾ ಕಡೆಯ ಕಥೆ.

ಇನ್ನು 1982. ಏಪ್ರಿಲ್ 2ರಂದು ಅರ್ಜೆಂಟೀನಾ ಫಾಕ್‌ಲ್ಯಾಂಡ್ ದ್ವೀಪಗಳನ್ನು ಹಿಡಿಯಿತು. ಆಗ ಉಗಾಂಡಾ ಹಡಗು ಮಕ್ಕಳನ್ನು ತುಂಬಿಕೊಂಡು ಮೆಡಿಟರೇನಿಯನ್ನಿನಲ್ಲಿತ್ತು. ಸರಕಾರದಿಂದ ಕರೆ ಬಂತು, ಹಡಗು ಬೇಕು. ಪ್ರವಾಸವನ್ನು ಅರ್ಧಕ್ಕೇ ನಿಲ್ಲಿಸಿ ಮಕ್ಕಳನ್ನೆಲ್ಲ ನೇಪಲ್ಸ್‌ನಲ್ಲಿ ಇಳಿಸಿದರು. ಅಲ್ಲಿಂದ ಜಿಬ್ರಾಲ್ಟರ್. ಮೂರೇ ದಿನದಲ್ಲಿ ಅದನ್ನು ಆಸ್ಪತ್ರೆ ಹಡಗಾಗಿ ಮಾಡಿದರು: ಬಿಳಿ ಬಣ್ಣ, ದೊಡ್ಡ ದೊಡ್ಡ ಕೆಂಪು ಶಿಲುಬೆಗಳು, ಹಿಂದೆ ಹೆಲಿಕಾಪ್ಟರ್ ಇಳಿಯುವ ಜಾಗ. ಕೆಲ ದಿನದ ಹಿಂದೆ ಮಕ್ಕಳು ದಿಂಬು ಎಸೆದಾಡಿಕೊಂಡಿದ್ದ ಕೋಣೆಗಳೇ ವಾರ್ಡುಗಳು. ಸುಟ್ಟ ಗಾಯದವರು, ಕಾಲು ಕಳಕೊಂಡವರು, ಎರಡೂ ಕಡೆಯ ಸೈನಿಕರು, ಒಟ್ಟು 700ಕ್ಕೂ ಹೆಚ್ಚು ಜನರಿಗೆ ಅಲ್ಲಿ ಚಿಕಿತ್ಸೆಯಾಯಿತು. ಅದಕ್ಕೆ ಇಟ್ಟಿದ್ದ ಅಡ್ಡಹೆಸರು "ತಾಯಿ ಕೋಳಿ". ಸೈನಿಕರಿಂದ ಮಕ್ಕಳಿಗೆ ದಾಟಿದ್ದ ವ್ಯವಸ್ಥೆ ಮತ್ತೆ ಸೈನಿಕರಿಗೇ ಹೋಯಿತು, ಅವರ ವಯಸ್ಸೋ ಎಷ್ಟೋ ಜನರದ್ದು ಹದಿನೆಂಟು-ಹತ್ತೊಂಬತ್ತು. ವಾಪಸ್ಸು ಬಂದ ಮೇಲೆ ಕೆಲವೇ ತಿಂಗಳು ಮಕ್ಕಳ ಪ್ರವಾಸ ಮುಂದುವರಿಯಿತು, ಆಮೇಲೆ ಪುನಃ ಸರಕಾರದ ಸೇವೆ, 1986ರಲ್ಲಿ ತೈವಾನಿನ ಗುಜರಿ.

ಉಗಾಂಡಾ ಹೋದರೂ ಶಾಲೆಗಳಿಗೆ ಹತ್ತಿದ ರುಚಿ ಹೋಗಲಿಲ್ಲ. ಬೇರೆ ಕಂಪನಿಗಳ ಹಡಗು ಹತ್ತಿದರು. ಹಾಗೆ 1988ರ ಅಕ್ಟೋಬರ್ 21ರ ಸಂಜೆ ಗ್ರೀಸಿನ ಪಿರೇಯಸ್ ಬಂದರಿನಿಂದ ಜ್ಯುಪಿಟರ್ ಅನ್ನೋ ಹಡಗು ಹೊರಟಿತು. ಅದರಲ್ಲಿ ಸುಮಾರು 400 ಬ್ರಿಟಿಷ್ ಶಾಲಾ ಮಕ್ಕಳು, ಅವರ ಶಿಕ್ಷಕರು. ಬಂದರಿನ ಬಾಯಿ ದಾಟುತ್ತಿದ್ದ ಹಾಗೆ ಇಟಲಿಯ ಸರಕು ಹಡಗೊಂದು ಬಂದು ಪಕ್ಕೆಗೆ ಗುದ್ದಿತು. ಮುಕ್ಕಾಲು ಗಂಟೆಯೊಳಗೆ ಜ್ಯುಪಿಟರ್ ಮುಳುಗಿತು. ಕತ್ತಲಲ್ಲಿ, ವಾಲಿದ ಡೆಕ್ಕಿನ ಮೇಲಿಂದ, ಸುತ್ತ ಬಂದ ದೋಣಿಗಳಿಗೆ ಮಕ್ಕಳು ಹಾರಿದರು. ಬಹುತೇಕ ಎಲ್ಲರೂ ಬದುಕಿದರು. ಒಬ್ಬಳು ಹುಡುಗಿ, ಒಬ್ಬ ಶಿಕ್ಷಕ ಮತ್ತು ಇಬ್ಬರು ಗ್ರೀಕ್ ನಾವಿಕರು ಬದುಕಲಿಲ್ಲ.

"ಮಕ್ಕಳಲ್ವಾ, ನಾಲ್ಕು ದಿನಕ್ಕೆ ಮರೀತಾವೆ" ಅಂತ ನಮ್ಮಲ್ಲಿ ಹೇಳೋ ಮಾತು ಅಲ್ಲೂ ಇತ್ತು. ಲಂಡನ್ನಿನ ಮನಃಶಾಸ್ತ್ರಜ್ಞ ವಿಲಿಯಂ ಯೂಲ್ ಮತ್ತವರ ಸಂಗಡಿಗರು ಈ ಮಕ್ಕಳಲ್ಲಿ 200ಕ್ಕೂ ಹೆಚ್ಚು ಜನರನ್ನು ವರ್ಷಗಟ್ಟಲೆ ಆದಮೇಲೆ ಮಾತಾಡಿಸಿದರು. ಸುಮಾರು ಅರ್ಧದಷ್ಟು ಮಕ್ಕಳಿಗೆ ಆಘಾತದ ನಂತರದ ಮಾನಸಿಕ ಕಾಯಿಲೆ ಬಂದಿತ್ತು. ಕೆಲವರಲ್ಲಿ ಐದಾರು ವರ್ಷ ಕಳೆದರೂ ಹೋಗಿರಲಿಲ್ಲ. ಮಕ್ಕಳಿಗೂ ದೊಡ್ಡವರ ಹಾಗೇ ಆಘಾತ ಆಗುತ್ತೆ ಅನ್ನೋದಕ್ಕೆ ವೈದ್ಯರು ಇವತ್ತಿಗೂ ಉದಾಹರಿಸುವ ಅಧ್ಯಯನ ಅದು.

ಒಂದು ವಿಷಯ ನನ್ನನ್ನು ಕೊರೆಯುತ್ತೆ. ಆಗಿನ ಅಂತಾರಾಷ್ಟ್ರೀಯ ನಿಯಮದ ಪ್ರಕಾರ ಅಪಾಯ ಬಂದರೆ ಎಲ್ಲಿ ಸೇರಬೇಕು, ಲೈಫ್ ಜಾಕೆಟ್ ಹೇಗೆ ಹಾಕಬೇಕು ಅನ್ನೋ ಕವಾಯತನ್ನು ಪ್ರಯಾಣಿಕರು ಹತ್ತಿದ 24 ಗಂಟೆಯೊಳಗೆ ಮಾಡಿಸಿದರೆ ಸಾಕಿತ್ತು. ಜ್ಯುಪಿಟರಿಗೆ ಒಂದು ಗಂಟೆಯೂ ಸಿಗಲಿಲ್ಲ. ನಿಯಮ ಬದಲಾಗಲಿಲ್ಲ. 2012ರ ಜನವರಿಯಲ್ಲಿ ಇಟಲಿಯ ತೀರದಲ್ಲಿ ಕೋಸ್ಟಾ ಕಾಂಕಾರ್ಡಿಯಾ ಬಂಡೆಗೆ ಬಡಿದು 32 ಜನ ಸತ್ತರು. ಅವತ್ತೇ ಹಡಗು ಹತ್ತಿದ್ದ ನೂರಾರು ಜನರಿಗೂ ಕವಾಯತು ಆಗಿರಲಿಲ್ಲ. ಹಡಗು ಹೊರಡುವ ಮೊದಲೇ, ಇಲ್ಲವೇ ಹೊರಟ ತಕ್ಷಣ ಕವಾಯತು ಆಗಲೇಬೇಕು ಅನ್ನೋ ನಿಯಮ ಜಾರಿಗೆ ಬಂದದ್ದು 2015ರ ಜನವರಿ 1ರಂದು. ಜ್ಯುಪಿಟರ್ ಮುಳುಗಿ ಅಷ್ಟು ಹೊತ್ತಿಗೆ ಇಪ್ಪತ್ತಾರು ವರ್ಷ ಆಗಿತ್ತು.